ಹತ್ತು ಸಾವಿರದೊಳಗಿನ ಮೊಬೈಲ್: ಅಂಗಡಿಗೆ ಹೋಗುವ ಮುಂಚೆ ಹೊಲಕ್ಕೆ ಹೋಗಿ

ಈ ಅಂಕಣದಲ್ಲಿ ಸಾಮಾನ್ಯವಾಗಿ ಬೀಜ, ಗೊಬ್ಬರ, ಕೀಟದ ವಿಷಯ ಬರೆಯುತ್ತೇನೆ. ಈ ವಾರ ಮೊಬೈಲ್ ವಿಷಯ. ಮೊಬೈಲಿಗೂ ಒಕ್ಕಲುತನಕ್ಕೂ ಏನು ಸಂಬಂಧ ಅಂತ ಕೇಳುವವರು ಮೊದಲು ನನ್ನ ಗೋವಿನಜೋಳದ ಕಥೆ ಕೇಳಿ.

ನನ್ನ ಹೊಲ ಹಾವೇರಿ ಜಿಲ್ಲೆಯಲ್ಲಿ, ವರದಾ ನದಿ ಕಡೆಯ ತಗ್ಗು ಜಮೀನು. ಎರಡು ವರ್ಷದ ಹಿಂದೆ ಆಗಸ್ಟ್ ತಿಂಗಳಲ್ಲಿ ಎರಡು ರಾತ್ರಿ ಬಿಡದೆ ಮಳೆ ಹೊಡೆಯಿತು. ಹಳ್ಳ ಒಡೆದು ನೀರು ಹೊಲಕ್ಕೆ ನುಗ್ಗಿತು. ಬೆಳಿಗ್ಗೆ ಹೋಗಿ ನೋಡಿದರೆ ಸೂಲಂಗಿ ಹೊಡೆಯುತ್ತಿದ್ದ ಗೋವಿನಜೋಳ ಮೊಣಕಾಲುದ್ದ ನೀರಿನಲ್ಲಿ ನಿಂತಿದೆ. ಬೆಳೆ ವಿಮೆ ಕಟ್ಟಿದ್ದೆ. ಫಸಲ್ ಬಿಮಾ ಯೋಜನೆಯಲ್ಲಿ ಹೊಲ ಮುಳುಗಿದರೆ, ಆಲಿಕಲ್ಲು ಬಿದ್ದರೆ, ಭೂಕುಸಿತವಾದರೆ 72 ಗಂಟೆಯೊಳಗೆ ವಿಮಾ ಕಂಪನಿಗೋ, ಬ್ಯಾಂಕಿಗೋ, ಕೃಷಿ ಇಲಾಖೆಗೋ ತಿಳಿಸಬೇಕು ಅಂತ ನಿಯಮ ಇದೆ. ಅದೂ ನನಗೆ ಗೊತ್ತಿತ್ತು. ನೀರು ಇಳಿಯುವುದರೊಳಗೆ ನಾಲ್ಕು ಫೋಟೊ ತೆಗೆದುಕೊಳ್ಳೋಣ ಅಂತ ಫೋನ್ ತೆಗೆದೆ.

ಸ್ಟೋರೇಜ್ ಫುಲ್ ಅಂತ ಬಂತು. ಕೊಡೆ ಹಿಡಿದುಕೊಂಡು, ಒದ್ದೆ ಬೆರಳಿನಲ್ಲಿ ವಾಟ್ಸಾಪ್ ವಿಡಿಯೊ ಒಂದೊಂದೇ ಅಳಿಸುತ್ತ ನಿಂತೆ. ಸ್ವಲ್ಪ ಜಾಗ ಆಯಿತು ಅಂತ ಆ್ಯಪ್ ತೆರೆದರೆ ಅಪ್‌ಡೇಟ್ ಮಾಡು ಅಂತು. ಅಪ್‌ಡೇಟ್ ಮಾಡಲು ಸಿಗ್ನಲ್ ಇಲ್ಲ. ಕಂಪನಿಗೆ ಕರೆ ಮಾಡೋಣ ಅಂದರೆ ಅದಕ್ಕೂ ಸಿಗ್ನಲ್ ಇಲ್ಲ. ಊರಿಗೆ ಬಂದು ಮಗನ ಹತ್ತಿರ ಫೋನ್ ಖಾಲಿ ಮಾಡಿಸಿಕೊಂಡು ಮರುದಿನ ಹೋಗುವಷ್ಟರಲ್ಲಿ ನೀರು ಇಳಿದಿತ್ತು. ಉಳಿದದ್ದು ಹಳದಿ ತಿರುಗಿದ ದಂಟು ಮತ್ತು ಕೆಸರು. ನೀರು ನಿಂತಿತ್ತು ಅಂತ ಹೇಳುವುದಕ್ಕೆ ನನ್ನ ಹತ್ತಿರ ಒಂದು ಚಿತ್ರವೂ ಇಲ್ಲ.

ಬದುವಿನ ಆಚೆ ಹೊಲದ ಕಾಕಾ ತಮ್ಮ ಹೊಲದ ಫೋಟೊ ಹೊಡೆದುಕೊಂಡಿದ್ದರು, ಅದರಲ್ಲಿ ನನ್ನ ಹೊಲದ ಅರ್ಧ ಭಾಗ ಬಂದಿತ್ತು. ಅದನ್ನೇ ಪ್ರಿಂಟ್ ಹಾಕಿಸಿ ಅರ್ಜಿಗೆ ಲಗತ್ತಿಸಿ ಮೂರನೇ ದಿನ ಮಧ್ಯಾಹ್ನ ರೈತ ಸಂಪರ್ಕ ಕೇಂದ್ರದಲ್ಲಿ ಕೊಟ್ಟೆ. ಇನ್ನು ನಾಲ್ಕೈದು ತಾಸು ತಡವಾಗಿದ್ದರೆ ಅವಧಿ ಮುಗಿಯುತ್ತಿತ್ತು. ಕಾಕಾ ಅವರ ಫೋನೂ ನನ್ನ ಫೋನೂ ಹೆಚ್ಚುಕಡಿಮೆ ಒಂದೇ ಬೆಲೆಯವು, ಒಂದೇ ವರ್ಷ ತಂದವು. ಅವರದು 64 ಜಿಬಿ, ಬೇರೆ ಸಿಮ್. ನನ್ನದು 32 ಜಿಬಿ. ತರುವಾಗ ನಾನು ಕೇಳಿದ್ದು ಒಂದೇ: ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್?

ಹಾವೇರಿಯಲ್ಲಿ ಕಾಲೇಜು ಓದುವ ತಂಗಿಯ ಮಗಳು ಇದನ್ನು ಕೇಳಿ ನಕ್ಕಳು. "ಮಾಮಾ, ನೀವು ಫೋನ್ ತಂದಿದ್ದು ಎತ್ತು ತಂದಂಗ ಆತು ನೋಡ್ರಿ. ಕೋಡಿಗೆ ಬಣ್ಣ ಹಚ್ಚಿದ್ದು ನೋಡಿ ತಂದ್ರಿ, ಹಲ್ಲು ಎಣಿಸ್ಲೇ ಇಲ್ಲ." ಸಂತೆಯಲ್ಲಿ ಹಲ್ಲು ನೋಡದೆ ಎತ್ತು ತಂದವನಲ್ಲ ನಾನು. ಆ ಮಾತು ಚುಚ್ಚಿತು. ಹೊಸ ಫೋನ್ ತರುವ ಮುಂಚೆ ಅವಳನ್ನು ಕೂಡಿಸಿಕೊಂಡು ಸರಿಯಾಗಿ ತಿಳಿದುಕೊಂಡೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನನ್ನ ಮಿತಿ ಹತ್ತು ಸಾವಿರ ರೂಪಾಯಿ ಇತ್ತು. ನಿಮ್ಮದು ಎರಡು ಸಾವಿರ ಹೆಚ್ಚೋ ಕಡಿಮೆಯೋ ಇರಬಹುದು, ಲೆಕ್ಕ ಹಾಕುವ ಕ್ರಮ ಅದೇ.

ಮೊದಲು ಸಿಗ್ನಲ್

ಎಲ್ಲರೂ ಮೊದಲು ಫೋನ್ ಆರಿಸಿ, ಆಮೇಲೆ ಅದಕ್ಕೆ ಇದ್ದ ಸಿಮ್ ಹಾಕುತ್ತಾರೆ. ಪೇಟೆಯವರಿಗೆ ಅದು ನಡೆಯುತ್ತದೆ. ನಮಗೆ ತಿರುಗಾ ಮಾಡಬೇಕು. ಹೊಲದಲ್ಲಿ ಯಾವ ಕಂಪನಿ ಸಿಗುತ್ತದೆ ಅಂತ ಮೊದಲು ಗೊತ್ತಾಗಬೇಕು, ಆ ಕಂಪನಿಯ ತರಂಗವನ್ನು ಹಿಡಿಯುವ ಫೋನ್ ಆಮೇಲೆ.

ಇದಕ್ಕೆ ಖರ್ಚಿಲ್ಲ. ಒಂದು ದಿನ ಮೂರ್ನಾಲ್ಕು ಜನ, ಬೇರೆ ಬೇರೆ ಸಿಮ್ ಇರುವವರು, ಒಟ್ಟಿಗೆ ಹೊಲಕ್ಕೆ ಹೋಗಿ. ಬದುವಿನ ಮೇಲೆ, ಬೋರ್‌ವೆಲ್ ಶೆಡ್ ಒಳಗೆ, ಹೊಲದ ಅತಿ ತಗ್ಗಿನ ಮೂಲೆಯಲ್ಲಿ, ಮನೆಯ ಅಡುಗೆಕೋಣೆಯಲ್ಲಿ ನಿಂತು ಕರೆ ಮಾಡಿ, ಒಂದು ಫೋಟೊ ಕಳಿಸಿ ನೋಡಿ. ಕಡ್ಡಿ ಎಷ್ಟು ಅಂತ ನೋಡುವುದಕ್ಕಿಂತ ಫೋಟೊ ಹೋಯಿತೋ ಇಲ್ಲವೋ ನೋಡಿ. ಎರಡು ಕಡ್ಡಿ ಇದ್ದೂ ಫೋಟೊ ಸುತ್ತುತ್ತಲೇ ಇರುವುದು ನಮಗೆಲ್ಲ ಗೊತ್ತು. ಸಾಧ್ಯವಾದರೆ ಕರೆಂಟ್ ಹೋದಾಗ ಇನ್ನೊಮ್ಮೆ ನೋಡಿ. ಕೆಲವು ಟವರ್‌ಗಳು ಕರೆಂಟ್ ಜೊತೆಗೇ ಮಲಗುತ್ತವೆ. ಕಂಪನಿಗಳು ಎಲ್ಲೆಲ್ಲಿ ನೆಟ್‌ವರ್ಕ್ ಇದೆ ಅಂತ ನಕ್ಷೆಯನ್ನು ತಮ್ಮ ಜಾಲತಾಣದಲ್ಲಿ ಹಾಕಬೇಕು ಎಂದು ಟ್ರಾಯ್ ನಿಯಮ ಮಾಡಿದೆ, ಅದನ್ನೂ ನೋಡಬಹುದು. ಆದರೆ ನಕ್ಷೆಯಲ್ಲಿ ನನ್ನ ಹೊಲದ ಮೇಲೂ ಬಣ್ಣ ಇದೆ! ತಗ್ಗು, ಗುಡ್ಡ, ತಲೆ ಎತ್ತರದ ಬೆಳೆ ಇವೆಲ್ಲ ನಕ್ಷೆಗೆ ಗೊತ್ತಿಲ್ಲ.

ಈಗ ತರಂಗದ ವಿಷಯ. ಇದು ಸ್ವಲ್ಪ ತಾಂತ್ರಿಕ, ಆದರೂ ಎರಡು ನಿಮಿಷ ಕೊಡಿ. ಮೊಬೈಲ್ ಕಂಪನಿಗಳು ಬೇರೆ ಬೇರೆ ಕಂಪನಾಂಕದಲ್ಲಿ ಸಿಗ್ನಲ್ ಬಿಡುತ್ತವೆ. 700, 850, 900 ಮೆಗಾಹರ್ಟ್ಸ್ ಎಂಬ ಕೆಳಗಿನ ಕಂಪನಾಂಕಗಳು ದೂರ ಹೋಗುತ್ತವೆ, ಗೋಡೆ ಮತ್ತು ಗಿಡಗಂಟಿಗಳನ್ನು ಹೆಚ್ಚು ದಾಟುತ್ತವೆ. 1800, 2300ರಂಥ ಮೇಲಿನವು ವೇಗ ಕೊಡುತ್ತವೆ, ಆದರೆ ಹೆಚ್ಚು ದೂರ ಬರುವುದಿಲ್ಲ. ಹಳ್ಳಿಗೆ, ತೋಟಕ್ಕೆ ಕೆಳಗಿನವೇ ಆಧಾರ. ಒಂದೊಂದಕ್ಕೂ ಬ್ಯಾಂಡ್ ಅಂತ ಒಂದು ನಂಬರ್ ಇರುತ್ತದೆ: 700ಕ್ಕೆ ಬ್ಯಾಂಡ್ 28, 850ಕ್ಕೆ ಬ್ಯಾಂಡ್ 5, 900ಕ್ಕೆ ಬ್ಯಾಂಡ್ 8, 1800ಕ್ಕೆ ಬ್ಯಾಂಡ್ 3, 2300ಕ್ಕೆ ಬ್ಯಾಂಡ್ 40. ನಿಮ್ಮ ಫೋನಿನಲ್ಲಿ ಆ ಬ್ಯಾಂಡ್ ಇಲ್ಲದಿದ್ದರೆ ಟವರ್ ಪಕ್ಕದಲ್ಲೇ ನಿಂತರೂ ಆ ಸಿಗ್ನಲ್ ಅದಕ್ಕೆ ಕಾಣುವುದಿಲ್ಲ.

ಜಿಯೋದ 4ಜಿ ಬ್ಯಾಂಡ್ 5, 3 ಮತ್ತು 40ರಲ್ಲಿ ನಡೆಯುತ್ತದೆ. ಈಗಿನ ಬಹುತೇಕ ಫೋನ್‌ಗಳಲ್ಲಿ ಇವು ಇರುತ್ತವೆ. ತೊಂದರೆ ಬರುವುದು ಬಿಎಸ್‌ಎನ್‌ಎಲ್ ಹಾಕುವವರಿಗೆ. 2025ರ ಸೆಪ್ಟೆಂಬರ್‌ನಲ್ಲಿ ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿ ದೇಶದಾದ್ಯಂತ ಉದ್ಘಾಟನೆಯಾಯಿತು. ಹಳ್ಳಿಗಳಲ್ಲಿ ಅದು ಬಳಸುವುದು ಮುಖ್ಯವಾಗಿ 700 ಮೆಗಾಹರ್ಟ್ಸ್, ಅಂದರೆ ಬ್ಯಾಂಡ್ 28. ಹಳೆಯ ಮತ್ತು ಅಗ್ಗದ ಎಷ್ಟೋ ಫೋನ್‌ಗಳಲ್ಲಿ 4ಜಿಯ ಬ್ಯಾಂಡ್ 28 ಇಲ್ಲ. ನಮ್ಮ ಕಡೆ ಒಬ್ಬರು ಬಿಎಸ್‌ಎನ್‌ಎಲ್ ಸಿಮ್ ತಂದು, ಊರಲ್ಲೇ ಹೊಸ ಟವರ್ ಇದ್ದರೂ 4ಜಿ ಬರುತ್ತಿಲ್ಲ ಅಂತ ಸಿಟ್ಟಾಗಿದ್ದರು. ಅದೇ ಸಿಮ್ಮನ್ನು ಮಗನ ಫೋನಿಗೆ ಹಾಕಿದಾಗ ಬಂತು. ದೋಷ ಫೋನಿನದು. ಫೋನ್ ತಯಾರಿಸಿದ ಕಂಪನಿಯ ಜಾಲತಾಣದಲ್ಲಿ ಆ ಮಾಡೆಲ್‌ನ ವಿವರದ ಕೆಳಗೆ ಎಲ್‌ಟಿಇ ಬ್ಯಾಂಡ್‌ಗಳ ಪಟ್ಟಿ ಇರುತ್ತದೆ. ಅಂಗಡಿಯವರಿಗೆ ಇದು ಸಾಮಾನ್ಯವಾಗಿ ಗೊತ್ತಿರುವುದಿಲ್ಲ, ನೀವೇ ಅಥವಾ ಮನೆಯ ಹುಡುಗರೇ ನೋಡಬೇಕು.

5ಜಿ ಬೇಕೇ ಅಂತ ಬಹಳ ಜನ ಕೇಳುತ್ತಾರೆ. ನಿಮ್ಮೂರಿಗೆ ಬಂದಿದೆಯೇ ಅಂತ ಮೊದಲು ನೋಡಿ. ಬಂದಿದ್ದರೂ ಎರಡು ಮಾತು ತಿಳಿದಿರಲಿ. ಒಂದು, ಜಿಯೋದ 5ಜಿ ತಾನೇ ಸ್ವತಂತ್ರವಾಗಿ ನಿಂತದ್ದು, ಅದಕ್ಕೆ ಎಸ್‌ಎ ಅನ್ನುತ್ತಾರೆ. ಏರ್‌ಟೆಲ್ ಶುರು ಮಾಡಿದ್ದು ಎನ್‌ಎಸ್‌ಎ, ಅಂದರೆ 4ಜಿಯ ಬೆನ್ನಿಗೆ ಕಟ್ಟಿದ 5ಜಿ. ಕೆಲವು ಅಗ್ಗದ 5ಜಿ ಫೋನ್‌ಗಳು ಎಸ್‌ಎ ಮಾತ್ರ ಹಿಡಿಯುತ್ತವೆ. 2024ರ ಕೊನೆಗೆ ಬಂದ ರೆಡ್ಮಿ ಎ4 5ಜಿ ಅಂಥದ್ದು. ಅದಕ್ಕೆ ಏರ್‌ಟೆಲ್ ಸಿಮ್ ಹಾಕಿದರೆ 4ಜಿ ಚೆನ್ನಾಗಿ ನಡೆಯುತ್ತದೆ, ಎನ್‌ಎಸ್‌ಎ 5ಜಿ ಸಿಗುವುದಿಲ್ಲ. ಫೋನ್ ಕೆಟ್ಟದ್ದಲ್ಲ, ಜೋಡಿ ತಪ್ಪು. ಎರಡನೆಯದು, 2024ರ ಜುಲೈನಲ್ಲಿ ದರ ಏರಿದ ಮೇಲೆ ಜಿಯೋ ಮತ್ತು ಏರ್‌ಟೆಲ್ ಅನಿಯಮಿತ 5ಜಿಯನ್ನು ದಿನಕ್ಕೆ 2 ಜಿಬಿ ಅಥವಾ ಅದಕ್ಕಿಂತ ಮೇಲಿನ ಪ್ಯಾಕ್‌ಗಳಿಗೆ ಸೀಮಿತ ಮಾಡಿದವು. ಸಣ್ಣ ಪ್ಯಾಕ್ ಹಾಕಿಸುವವರಿಗೆ 5ಜಿ ಫೋನಿನಿಂದ ಉಚಿತ ಡೇಟಾ ಏನೂ ಬರುವುದಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಹತ್ತು ಸಾವಿರದೊಳಗೆ 5ಜಿಗೆ ಹಣ ಕೊಟ್ಟು ಸ್ಟೋರೇಜ್ ಕಡಿಮೆ ಮಾಡಿಕೊಳ್ಳುವುದಕ್ಕಿಂತ, 4ಜಿ ಇದ್ದು ಸ್ಟೋರೇಜ್ ಹೆಚ್ಚಿರುವುದೇ ಒಕ್ಕಲಿಗನಿಗೆ ಲಾಭ. ಎರಡೂ ಸಿಕ್ಕರೆ ಬೇಡ ಅನ್ನಬೇಡಿ.

ಕಂಪನಿ ಬದಲಿಸಬೇಕು ಅಂತ ಗೊತ್ತಾದರೆ ಹಳೆಯ ನಂಬರ್ ಎಸೆಯಬೇಡಿ. ಆ ನಂಬರ್ ಆಧಾರ್, ಬ್ಯಾಂಕ್, ಫ್ರೂಟ್ಸ್, ಪಿಎಂ ಕಿಸಾನ್ ಎಲ್ಲದಕ್ಕೂ ಜೋಡಣೆಯಾಗಿರುತ್ತದೆ, ಒಟಿಪಿ ಅದಕ್ಕೇ ಬರುತ್ತದೆ. ಪೋರ್ಟ್ ಮಾಡಿಸಿ. ಪೋರ್ಟ್ ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ, ಜಾಗ ಬಿಟ್ಟು ನಿಮ್ಮ ಹತ್ತಂಕಿಯ ನಂಬರ್ ಬರೆದು 1900ಕ್ಕೆ ಎಸ್‌ಎಂಎಸ್ ಕಳಿಸಿದರೆ ಎಂಟು ಅಕ್ಷರದ ಒಂದು ಕೋಡ್ ಬರುತ್ತದೆ. ನಮ್ಮ ರಾಜ್ಯದಲ್ಲಿ ಆ ಕೋಡ್ ನಾಲ್ಕು ದಿನ ಮಾತ್ರ ನಡೆಯುತ್ತದೆ. ಅಷ್ಟರೊಳಗೆ ಆಧಾರ್ ತೆಗೆದುಕೊಂಡು ಹೊಸ ಕಂಪನಿಯ ಅಂಗಡಿಗೆ ಹೋಗಬೇಕು. ಈಗಿನ ಕಂಪನಿಯಲ್ಲಿ 90 ದಿನ ಆಗಿರಬೇಕು, ಮತ್ತು ಸಿಮ್ ಕಳೆದು ಬದಲಿ ಸಿಮ್ ತೆಗೆದುಕೊಂಡಿದ್ದರೆ ಏಳು ದಿನ ಕಾಯಬೇಕು. ಉಳಿದ ಪ್ಯಾಕ್ ಹೊಸ ಕಂಪನಿಗೆ ಬರುವುದಿಲ್ಲ, ಅದು ಹೋದಂತೆಯೇ. ಬದಲಾಗುವ ದಿನ ಕೆಲವು ತಾಸು ಫೋನ್ ಸತ್ತಿರುತ್ತದೆ. ವಿಮೆ ಕಟ್ಟುವ ಕೊನೆಯ ವಾರ, ಸಬ್ಸಿಡಿ ಅರ್ಜಿಯ ಕೊನೆಯ ವಾರ ಈ ಕೆಲಸಕ್ಕೆ ಕೈ ಹಾಕಬೇಡಿ.

ನಾನು ಮಾಡಿದ್ದು ಹೀಗೆ. ಹಳೆಯ ಸಿಮ್ ಇಟ್ಟುಕೊಂಡೇ, ಕಾಕಾ ಅವರ ಕಂಪನಿಯ ಹೊಸ ಸಿಮ್ ಒಂದನ್ನು ತಂದು ಒಂದು ತಿಂಗಳು ಹೊಲದಲ್ಲಿ ಬಳಸಿ ನೋಡಿದೆ. ಕೊನೆಗೆ ಎರಡನ್ನೂ ಇಟ್ಟುಕೊಂಡೆ. ಊರಲ್ಲಿ ಒಂದು, ಹೊಲದಲ್ಲಿ ಒಂದು. ಈ ಎರಡು ಸಿಮ್ಮಿನ ವಿಷಯ ಸ್ಟೋರೇಜ್ ಆರಿಸುವಾಗ ಮತ್ತೆ ಎದುರು ಬಂತು.

ಸ್ಟೋರೇಜ್

64 ಜಿಬಿ ಅಂದರೆ 64 ಚೀಲ ಹಿಡಿಯುವ ಗೋದಾಮು ಅಂತಿಟ್ಟುಕೊಳ್ಳಿ. ಬಾಡಿಗೆಗೆ ಕೊಡುವಾಗಲೇ ಮಾಲೀಕ ಅದರಲ್ಲಿ ತನ್ನ 15-20 ಚೀಲ ಇಟ್ಟಿರುತ್ತಾನೆ. ಅದು ಫೋನಿನ ಸ್ವಂತ ವ್ಯವಸ್ಥೆ, ತೆಗೆಯಲು ಬರುವುದಿಲ್ಲ. 32 ಜಿಬಿ ಫೋನಿನಲ್ಲಿ ಅರ್ಧದಷ್ಟು ಮೊದಲ ದಿನವೇ ಹೋಗಿರುತ್ತದೆ. ನನಗೆ ಆದದ್ದು ಇದೇ. ಇವತ್ತಿನ ದಿನ 32 ಜಿಬಿ ಯಾವ ಬೆಲೆಗೂ ತಗೊಳ್ಳಬೇಡಿ, ಬಿಟ್ಟಿ ಕೊಟ್ಟರೆ ಮಾತ್ರ ಯೋಚಿಸಿ.

ಉಳಿದ ಜಾಗ ಯಾರು ತಿನ್ನುತ್ತಾರೆ? ನಾನು ನನ್ನ ಹಳೆಯ ಫೋನ್ ಬಿಚ್ಚಿ ನೋಡಿದಾಗ ನನ್ನ ಹೊಲದ ಫೋಟೊಗಳು ಒಂದು ಜಿಬಿಯೂ ಇರಲಿಲ್ಲ. ತಿಂದದ್ದು ವಾಟ್ಸಾಪ್. ಊರಿನ ಗುಂಪು, ಸಂಘದ ಗುಂಪು, ಬೀಗರ ಗುಂಪು, ಎರಡು ಬೀಜದ ಕಂಪನಿಯವರು ಮಾಡಿದ ಗುಂಪು. ದಿನಾ ಬೆಳಗಾದರೆ ಶುಭೋದಯದ ಚಿತ್ರ, ದೇವರ ವಿಡಿಯೊ. ದಿನಕ್ಕೆ 100 ಎಂಬಿ ಬಂದರೂ ತಿಂಗಳಿಗೆ 3 ಜಿಬಿ, ವರ್ಷಕ್ಕೆ 36 ಜಿಬಿ. ಒಂದು ನಿಮಿಷದ ವಿಡಿಯೊ ನಾವೇ ಫುಲ್ ಎಚ್‌ಡಿಯಲ್ಲಿ ತೆಗೆದರೆ ನೂರು ಎಂಬಿ ದಾಟುತ್ತದೆ. ಹೊಲದ ಒಂದು ಫೋಟೊ ಮಾತ್ರ ಮೂರರಿಂದ ಐದು ಎಂಬಿ.

ಅದಕ್ಕೇ ಹೊಸ ಫೋನ್ ತರುವ ಮುಂಚೆ ಹಳೆಯದರಲ್ಲೇ ಒಂದು ಕೆಲಸ ಮಾಡಿ ನೋಡಿ. ವಾಟ್ಸಾಪ್ ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ಅಂಡ್ ಡೇಟಾ ಅಂತ ಇದೆ. ಅಲ್ಲಿ ಮೀಡಿಯಾ ಆಟೊ ಡೌನ್‌ಲೋಡ್ ಎಂಬ ಕಡೆ ಮೊಬೈಲ್ ಡೇಟಾ, ವೈಫೈ ಎರಡರಲ್ಲೂ ಎಲ್ಲ ಗುರುತು ತೆಗೆಯಿರಿ. ಇನ್ನು ಮುಂದೆ ನೀವು ಒತ್ತಿದ ಚಿತ್ರ ಮಾತ್ರ ಇಳಿಯುತ್ತದೆ. ಅದೇ ಜಾಗದಲ್ಲಿ ಮ್ಯಾನೇಜ್ ಸ್ಟೋರೇಜ್ ಒತ್ತಿದರೆ ದೊಡ್ಡ ವಿಡಿಯೊಗಳು ಸಾಲಾಗಿ ಬರುತ್ತವೆ, ಒಟ್ಟಿಗೆ ಅಳಿಸಬಹುದು. ನಮ್ಮ ಕಾಕಾ ಅವರಿಗೆ ಇದನ್ನು ಮಾಡಿಕೊಟ್ಟ ಮೇಲೆ ಅವರ ಐದು ವರ್ಷದ ಫೋನ್ ಇನ್ನೊಂದು ವರ್ಷ ನಡೆಯಿತು. ಕೆಲವರಿಗೆ ಹೊಸ ಫೋನೇ ಬೇಕಾಗಲಿಕ್ಕಿಲ್ಲ.

ಬೇಕು ಅಂತಾದರೆ 64 ಕನಿಷ್ಠ, 128 ಒಳ್ಳೆಯದು. ನಾನು ವಿಚಾರಿಸಿದ ಅಂಗಡಿಗಳಲ್ಲಿ ಒಂದೇ ಮಾಡೆಲ್‌ನ 64ಕ್ಕೂ 128ಕ್ಕೂ ಸಾವಿರದಿಂದ ಒಂದೂವರೆ ಸಾವಿರ ವ್ಯತ್ಯಾಸ ಇತ್ತು. ಹಣ ಹೆಚ್ಚಿಗೆ ಹಾಕುವುದಿದ್ದರೆ ಇಲ್ಲೇ ಹಾಕಿ. ಕ್ಯಾಮೆರಾದ ಮೆಗಾಪಿಕ್ಸೆಲ್‌ಗೆ, ಹಿಂಬದಿಯ ಹೊಳೆಯುವ ಬಣ್ಣಕ್ಕೆ ಬೇಡ.

"ಕಾರ್ಡ್ ಹಾಕಿದ್ರ ಆತಲ್ಲವಾ, ಯಾಕ ಸಾವಿರ ರೂಪಾಯಿ?" ಅಂತ ನಾನೂ ಕೇಳಿದ್ದೆ. ಕಾರ್ಡ್ ಅರ್ಧ ಪರಿಹಾರ. ಫೋಟೊ, ವಿಡಿಯೊ, ಹಾಡು ಕಾರ್ಡಿನಲ್ಲಿ ಕೂಡುತ್ತವೆ. ಆದರೆ ಈಗಿನ ಫೋನ್‌ಗಳಲ್ಲಿ ಆ್ಯಪ್‌ಗಳು ಫೋನಿನ ಒಳಗಿನ ಜಾಗದಲ್ಲೇ ಇರುತ್ತವೆ, ವಾಟ್ಸಾಪ್‌ಗೆ ಬಂದದ್ದೂ ಅಲ್ಲೇ ಬೀಳುತ್ತದೆ. ಇನ್ನೊಂದು ಮೋಸ ಇದೆ. ಕೆಲವು ಫೋನ್‌ಗಳ ಸಿಮ್ ತಟ್ಟೆಯಲ್ಲಿ ಎರಡೇ ಗುಣಿ. ಒಂದರಲ್ಲಿ ಸಿಮ್, ಇನ್ನೊಂದರಲ್ಲಿ ಸಿಮ್ ಅಥವಾ ಕಾರ್ಡ್. ಇದಕ್ಕೆ ಹೈಬ್ರಿಡ್ ಅನ್ನುತ್ತಾರೆ. ಕಾರ್ಡ್ ಹಾಕಿದರೆ ಎರಡನೆಯ ಸಿಮ್ ಹೊರಗೆ. ಊರಿಗೊಂದು ಹೊಲಕ್ಕೊಂದು ಸಿಮ್ ಇಟ್ಟುಕೊಂಡವನಿಗೆ ಇದು ಆಗುವ ಮಾತಲ್ಲ. ಅಂಗಡಿಯಲ್ಲಿ ತಟ್ಟೆ ಹೊರಗೆಳೆಸಿ ಕಣ್ಣಾರೆ ನೋಡಿ, ಮೂರು ಗುಣಿ ಇರಬೇಕು. ಮತ್ತೆ ಸಂತೆಯಲ್ಲಿ 300 ರೂಪಾಯಿಗೆ 1 ಟಿಬಿ ಕಾರ್ಡ್ ಅಂತ ಮಾರುತ್ತಾರೆ. ಅದು ಖೊಟ್ಟಿ. ಫೋನಿಗೆ ಹಾಕಿದಾಗ 1 ಟಿಬಿ ಅಂತಲೇ ತೋರಿಸುತ್ತದೆ, ನಾಲ್ಕು ದಿನ ಬಿಟ್ಟು ಫೋಟೊ ತೆರೆದರೆ ಏನೂ ಇರುವುದಿಲ್ಲ. ಬಿಲ್ ಕೊಡುವ ಅಂಗಡಿಯಲ್ಲಿ 32 ಅಥವಾ 64 ಜಿಬಿಯ ಒಳ್ಳೆ ಕಾರ್ಡ್ ತಗೊಳ್ಳಿ.

ರ‍್ಯಾಮ್ ಎಂಬುದು ಬೇರೆ. ಸ್ಟೋರೇಜ್ ಗೋದಾಮು ಆದರೆ ರ‍್ಯಾಮ್ ಕಣ, ಕೆಲಸ ನಡೆಯುವ ಜಾಗ. ಕಣ ಸಣ್ಣದಾದರೆ ಒಂದು ಆ್ಯಪ್‌ನಿಂದ ಇನ್ನೊಂದಕ್ಕೆ ಹೋಗಿ ಬರುವಷ್ಟರಲ್ಲಿ ಮೊದಲನೆಯದು ಮುಚ್ಚಿರುತ್ತದೆ. ಒಟಿಪಿ ನೋಡಿ ಬರುವುದರೊಳಗೆ ಅರ್ಜಿ ಮಾಯವಾಗುವುದು ಇದರಿಂದಲೇ. 4 ಜಿಬಿ ಇರಲಿ. ಡಬ್ಬಿಯ ಮೇಲೆ 8 ಜಿಬಿ ಅಂತ ದೊಡ್ಡದಾಗಿ ಬರೆದು, ಪಕ್ಕದಲ್ಲಿ 4+4 ಅಂತ ಸಣ್ಣಗೆ ಬರೆದಿರುತ್ತಾರೆ. ಎರಡನೆಯ 4 ನಿಜವಾದ ರ‍್ಯಾಮ್ ಅಲ್ಲ, ನಿಮ್ಮ ಸ್ಟೋರೇಜ್‌ನಿಂದಲೇ ಕಡ ತಂದದ್ದು. ಕೂಡಿಸುವ ಗುರುತಿನ ಎಡಗಡೆ ಇರುವ ಸಂಖ್ಯೆ ಮಾತ್ರ ಲೆಕ್ಕಕ್ಕೆ ಹಿಡಿಯಿರಿ.

ಬೆಲೆ ಅಂದರೆ ಡಬ್ಬಿಯ ಬೆಲೆ ಅಲ್ಲ

ತಿಂಗಳ ಪ್ಯಾಕ್ ಅನ್ನುತ್ತೇವೆ, ಬಹಳಷ್ಟು ಪ್ಯಾಕ್‌ಗಳು 28 ದಿನದವು. ವರ್ಷಕ್ಕೆ ಹನ್ನೆರಡಲ್ಲ, 13 ಸಲ ಹಾಕಿಸಬೇಕು. ಲೆಕ್ಕಕ್ಕೆ ಅಂತ ಒಂದು ಪ್ಯಾಕ್ 300 ರೂಪಾಯಿ ಹಿಡಿಯೋಣ. ವರ್ಷಕ್ಕೆ 3,900, ಮೂರು ವರ್ಷಕ್ಕೆ 11,700. ಫೋನಿನ ಬೆಲೆಗಿಂತ ಹೆಚ್ಚಾಯಿತು. ನಾವು ಅಂಗಡಿಯಲ್ಲಿ 500 ರೂಪಾಯಿಗೆ ಅರ್ಧ ತಾಸು ಚೌಕಾಸಿ ಮಾಡುತ್ತೇವೆ, ರೀಚಾರ್ಜ್ ವಿಷಯಕ್ಕೆ ಒಂದು ನಿಮಿಷವೂ ಕೊಡುವುದಿಲ್ಲ.

ಇನ್ನೊಂದು ಲೆಕ್ಕ. ನನ್ನ ಹಳೆಯ ಫೋನ್ 7,500 ರೂಪಾಯಿ, ಸರಿಯಾಗಿ ನಡೆದದ್ದು ಎರಡು ವರ್ಷ. ವರ್ಷಕ್ಕೆ 3,750 ಬಿತ್ತು. 9,600 ಕೊಟ್ಟು ತಂದದ್ದು ಮೂರು ವರ್ಷ ನಡೆದರೆ ವರ್ಷಕ್ಕೆ 3,200. ಅಗ್ಗ ಯಾವುದು ನೀವೇ ಹೇಳಿ.

ನಮ್ಮ ಕೈಯಲ್ಲಿ ದುಡ್ಡು ಓಡಾಡುವುದು ಮಾಲು ಮಾರಿದಾಗ. ಆಗ ಸಾಧ್ಯವಾದರೆ 365 ದಿನದ ಪ್ಯಾಕ್ ಒಂದೇ ಸಲ ಹಾಕಿಸಿಬಿಡಿ, ದಿನದ ಲೆಕ್ಕದಲ್ಲಿ ಸಾಮಾನ್ಯವಾಗಿ ಕಡಿಮೆ ಬೀಳುತ್ತದೆ. ಬಿತ್ತನೆ ಹೊತ್ತಿನಲ್ಲಿ ಕೈ ಖಾಲಿ ಇದ್ದಾಗ ಫೋನ್ ಬಂದ್ ಆಗುವ ಭಯವೂ ಇರುವುದಿಲ್ಲ. ಆದರೆ ಸಿಗ್ನಲ್ ಪರೀಕ್ಷೆ ಮುಗಿದ ಮೇಲೆ ಮಾತ್ರ. ವರ್ಷದ ಪ್ಯಾಕ್ ಹಾಕಿಸಿ ಆಮೇಲೆ ಪೋರ್ಟ್ ಮಾಡಿದರೆ ಉಳಿದ ದಿನಗಳ ಹಣ ಮುಳುಗಿತು. ಮನೆಯಲ್ಲಿ ಹಿರಿಯರ ಹತ್ತಿರ ಬರೀ ಬಟನ್ ಫೋನ್ ಇದ್ದರೆ ಅದಕ್ಕೆ ಡೇಟಾ ಪ್ಯಾಕ್ ಯಾಕೆ? ಮಾತು ಮತ್ತು ಎಸ್‌ಎಂಎಸ್‌ಗೆ ಮಾತ್ರವೇ ಪ್ಯಾಕ್ ಕೊಡಬೇಕು ಅಂತ 2024ರ ಡಿಸೆಂಬರ್‌ನಲ್ಲಿ ಟ್ರಾಯ್ ಹೇಳಿದೆ, ಅಂಥವು ಬಂದಿವೆ. ಅಂಗಡಿಯವರು ತಾವಾಗಿ ಹೇಳುವುದಿಲ್ಲ, ಕೇಳಿ ಹಾಕಿಸಿ.

ಕಂತಿನ ಮೇಲೆ ತರುವವರು ಬಡ್ಡಿ ಇಲ್ಲ ಎಂಬ ಮಾತಿಗೆ ಮರುಳಾಗಬೇಡಿ. ಪ್ರೊಸೆಸಿಂಗ್ ಫೀ ಎಷ್ಟು, ರೊಕ್ಕ ಪೂರಾ ಕೊಟ್ಟರೆ ಎಷ್ಟು ಬಿಡುತ್ತೀರಿ ಅಂತ ಎರಡೇ ಪ್ರಶ್ನೆ ಕೇಳಿ. ಆ ಬಿಟ್ಟ ಮೊತ್ತವೇ ನಿಮ್ಮ ಬಡ್ಡಿ. ಆನ್‌ಲೈನ್‌ನಲ್ಲಿ ಮುನ್ನೂರು ನಾನೂರು ಕಡಿಮೆಗೆ ಸಿಗುತ್ತದೆ, ನಿಜ. ನಾನು ತಾಲ್ಲೂಕಿನ ಅಂಗಡಿಯಲ್ಲೇ ತಂದೆ, ಯಾಕೆಂದರೆ ಕೈಯಲ್ಲಿ ಹಿಡಿದು ನೋಡಬೇಕಿತ್ತು.

ಅಂಗಡಿಯಲ್ಲಿ ಏನು ನೋಡಬೇಕು

ಫೋನ್ ಹಿಡಿದುಕೊಂಡು ಅಂಗಡಿಯಿಂದ ಬಿಸಿಲಿಗೆ ಬನ್ನಿ. ಒಳಗೆ ಫಳಫಳ ಹೊಳೆಯುವ ಪರದೆ ಹೊರಗೆ ಕಪ್ಪು ಕನ್ನಡಿ ಆಗುವುದುಂಟು. ಬೆಳೆ ಸಮೀಕ್ಷೆ ಮಾಡುವಾಗ ನಡುಬಿಸಿಲಲ್ಲಿ ಸರ್ವೆ ನಂಬರ್ ಓದಬೇಕಲ್ಲ. ಹೊರಗೆ ನಿಂತಾಗಲೇ ಮ್ಯಾಪ್ ತೆರೆದು ನಿಮ್ಮ ಜಾಗ ಎಷ್ಟು ಬೇಗ, ಎಷ್ಟು ಸರಿಯಾಗಿ ತೋರಿಸುತ್ತದೆ ನೋಡಿ. ಬೆಳೆ ಸಮೀಕ್ಷೆ ಆ್ಯಪ್, ದಿಶಾಂಕ್ ಎರಡೂ ಜಿಪಿಎಸ್ ಮೇಲೆ ನಿಂತಿವೆ. ನಿಮ್ಮ ಹೊಲದಲ್ಲಿ ನಿಂತಾಗ ಪಕ್ಕದವರ ಸರ್ವೆ ನಂಬರ್ ತೋರಿಸಿದರೆ ಕೆಲಸ ಮುಂದೆ ಹೋಗುವುದಿಲ್ಲ. ಸಮೀಕ್ಷೆಯಲ್ಲಿ ದಾಖಲಾದ ಬೆಳೆಗೂ ವಿಮೆ ಕಟ್ಟಿದ ಬೆಳೆಗೂ ತಾಳೆ ಆಗದೆ ಒದ್ದಾಡಿದವರನ್ನು ನಾನು ನೋಡಿದ್ದೇನೆ. ಆ ಫೋಟೊವನ್ನು ನಾವೇ ಸರಿಯಾಗಿ ಹಾಕುವುದು ಎಷ್ಟೋ ವಾಸಿ.

ಮುಂದಿನ ಕ್ಯಾಮೆರಾವನ್ನು ಹುಡುಗರು ಸೆಲ್ಫಿಗೆ ನೋಡುತ್ತಾರೆ, ನಾವು ಬೇರೆ ಕಾರಣಕ್ಕೆ ನೋಡಬೇಕು. ಕೆಲಸ ಮಾಡಿ ಮಾಡಿ ನಮ್ಮ ಬೆರಳಿನ ಗೆರೆ ಸವೆದಿರುತ್ತವೆ, ಹೆಬ್ಬೆಟ್ಟು ಯಂತ್ರ ಒಪ್ಪುವುದಿಲ್ಲ. 2023ರ ಜೂನ್‌ನಿಂದ ಪಿಎಂ ಕಿಸಾನ್ ಆ್ಯಪ್‌ನಲ್ಲಿ ಮುಖ ತೋರಿಸಿ ಇಕೆವೈಸಿ ಮಾಡುವ ಅನುಕೂಲ ಇದೆ. ಮುಂದಿನ ಕ್ಯಾಮೆರಾ ಮಂಜು ಮಂಜಾಗಿದ್ದರೆ ಅದೂ ಕೈಕೊಡುತ್ತದೆ. ಬೆರಳು ಒತ್ತಿ ಫೋನ್ ತೆರೆಯುವ ಸೌಲಭ್ಯಕ್ಕೆ ಹೆಚ್ಚು ಹಣ ಕೊಡಬೇಡಿ, ನಮ್ಮ ಬೆರಳಿಗೆ ಅದು ದಿನಾ ಜಗಳ.

ಬ್ಯಾಟರಿ 5,000 ಎಂಎಎಚ್ ಇರಲಿ, ಈಗ ಬಹುತೇಕ ಇರುತ್ತದೆ. ಡಬ್ಬಿಯಲ್ಲಿ ಚಾರ್ಜರ್ ಇದೆಯೇ ಕೇಳಿ. ಮಾಡೆಲ್ ಮಾರುಕಟ್ಟೆಗೆ ಬಂದು ಒಂದು ವರ್ಷಕ್ಕಿಂತ ಹಳೆಯದಾಗಿರಬಾರದು, ಇಲ್ಲವಾದರೆ ಸುರಕ್ಷತೆಯ ಅಪ್‌ಡೇಟ್ ಬೇಗ ನಿಲ್ಲುತ್ತದೆ. ಫೋನ್‌ಪೇ, ಗೂಗಲ್‌ಪೇ ಬಳಸುವವರಿಗೆ ಇದು ಮುಖ್ಯ. ಬಿಲ್ ತಗೊಳ್ಳಿ, ಬಿಲ್ ಮೇಲೆ ಐಎಂಇಐ ನಂಬರ್ ಇರಲಿ.

ಹಳೆಯ ಫೋನ್ ಕೊಳ್ಳುವವರು ಒಂದು ಪರೀಕ್ಷೆ ಬಿಡದೆ ಮಾಡಿ. *#06# ಒತ್ತಿದರೆ 15 ಅಂಕಿಯ ಐಎಂಇಐ ಬರುತ್ತದೆ. ಇಂಗ್ಲಿಷಿನಲ್ಲಿ ಕೆವೈಎಂ ಎಂಬ ಮೂರಕ್ಷರ, ಜಾಗ, ಆಮೇಲೆ ಆ 15 ಅಂಕಿ ಬರೆದು 14422ಕ್ಕೆ ಎಸ್‌ಎಂಎಸ್ ಕಳಿಸಿ. ದೂರಸಂಪರ್ಕ ಇಲಾಖೆಯ ವ್ಯವಸ್ಥೆ ಇದು. ಉತ್ತರದಲ್ಲಿ ಬರುವ ಕಂಪನಿ, ಮಾಡೆಲ್ ಕೈಯಲ್ಲಿರುವ ಫೋನಿಗೆ ಹೊಂದಬೇಕು. ಬ್ಲ್ಯಾಕ್‌ಲಿಸ್ಟ್ ಆಗಿದೆ ಅಂತ ಬಂದರೆ ಎಷ್ಟೇ ಅಗ್ಗವಾದರೂ ವಾಪಸ್ ಕೊಟ್ಟು ಬನ್ನಿ, ಕಳವಿನ ಮಾಲು ಇರಬಹುದು.

ನಾನು ಕೊನೆಗೆ ತಂದದ್ದು 9,600 ರೂಪಾಯಿಯ 4ಜಿ ಫೋನ್. 4 ಜಿಬಿ ರ‍್ಯಾಮ್, 128 ಜಿಬಿ, ಮೂರು ಗುಣಿಯ ತಟ್ಟೆ, ಬ್ಯಾಂಡ್ 28 ಇದೆ. ಮಾಡೆಲ್ ಹೆಸರು ಬರೆಯುವುದಿಲ್ಲ. ನೀವು ಓದುವ ಹೊತ್ತಿಗೆ ಅದು ಅಂಗಡಿಯಲ್ಲಿ ಇರಲಿಕ್ಕಿಲ್ಲ, ಮತ್ತೆ ನನ್ನ ಹೊಲದ ಸಿಗ್ನಲ್ ನಿಮ್ಮ ಹೊಲದ್ದಲ್ಲ. ಕ್ಯಾಮೆರಾ ಹಳೆಯದಕ್ಕಿಂತ ಕಡಿಮೆ ಮೆಗಾಪಿಕ್ಸೆಲ್‌ನದು. ಹೊಲದ ಫೋಟೊ ಚೆನ್ನಾಗಿಯೇ ಬರುತ್ತದೆ.

ಆ ವರ್ಷದ ವಿಮೆ ಏನಾಯಿತು ಅಂತ ಕೇಳುತ್ತೀರಿ. ಸಮೀಕ್ಷೆಗೆ ಬಂದವರು ಕಾಕಾ ಅವರ ಫೋಟೊದಲ್ಲಿ ಕಾಣುತ್ತಿದ್ದ ಬೇವಿನ ಮರ ಹಿಡಿದು ನನ್ನ ಹೊಲದ ಗಡಿ ಗುರುತಿಸಿದರು. ಫೋಟೊದಲ್ಲಿ ಬಂದ ಅರ್ಧಕ್ಕೆ ತಕರಾರು ಇರಲಿಲ್ಲ. ಉಳಿದ ಅರ್ಧಕ್ಕೆ ಬಹಳ ಮಾತಾಡಬೇಕಾಯಿತು. ಹಣ ಮುಂದಿನ ಹಂಗಾಮಿಗೆ ಬಂತು, ನಾನು ಅಂದುಕೊಂಡದ್ದಕ್ಕಿಂತ ಕಡಿಮೆ. ಹೊಸ ಫೋನ್ ತಂದ ದಿನ ಸಂಜೆ ತಂಗಿಯ ಮಗಳು ಆಟೊ ಡೌನ್‌ಲೋಡ್ ಬಂದ್ ಮಾಡಿ, ವಿಮಾ ಕಂಪನಿಯ ಮತ್ತು ರೈತ ಸಂಪರ್ಕ ಕೇಂದ್ರದ ನಂಬರ್ ಸೇವ್ ಮಾಡಿಕೊಟ್ಟಳು. ಮರುದಿನ ಹೊಲಕ್ಕೆ ಹೋಗಿ ನಾಲ್ಕೂ ಮೂಲೆಯಲ್ಲಿ ನಿಂತು ನಾಲ್ಕು ಫೋಟೊ ಹೊಡೆದು ಅವಳಿಗೆ ಕಳಿಸಿದೆ. ಮೂರು ತಕ್ಷಣ ಹೋದವು. ತಗ್ಗಿನ ಮೂಲೆಯದು ಹೋಗಲು ಸ್ವಲ್ಪ ಹೊತ್ತು ಹಿಡಿಯಿತು.